ಕಟ್ಟಿಗೆ ಗೊಬ್ಬರವಾಗಬೇಕು, ಬಚ್ಚಲ ನೀರು ತಿಳಿಯಾಗಬೇಕು: ಶಿಲೀಂಧ್ರ, ಜೀವಾಣುಗಳನ್ನು ಸರಿಯಾದ ಕ್ರಮದಲ್ಲಿ ಬಳಸುವ ಸಮಗ್ರ ಮಾರ್ಗದರ್ಶಿ

ಟ್ರೈಕೋಡರ್ಮಾ ಎಂಬ ಶಿಲೀಂಧ್ರದ ಪುಡಿ ಹಾಕಿ ತಿಂಗಳುಗಟ್ಟಲೆ ಕಾದರೂ ಹತ್ತಿ ಕಟ್ಟಿಗೆ ಕಟ್ಟಿಗೆಯಾಗಿಯೇ ಉಳಿಯಿತು. ಕಸ ಕೊಳೆಸುವ ಜೀವಾಣು ದ್ರಾವಣವಾದ ವೇಸ್ಟ್ ಡಿಕಂಪೋಸರ್ ಡ್ರಮ್ಮುಗಟ್ಟಲೆ ಸುರಿದರೂ ತಿಪ್ಪೆ ಬಿಸಿಯಾಗಲಿಲ್ಲ. ಬಚ್ಚಲ ಗುಂಡಿಗೆ ಜೀವಾಣು ಪುಡಿ ಹಾಕಿದ ಮೇಲೆ ವಾಸನೆ ಹೆಚ್ಚೇ ಆಯಿತು. ಹಾವೇರಿ, ಗದಗ, ಧಾರವಾಡ ಸೀಮೆಯಲ್ಲಿ ಮತ್ತೆ ಮತ್ತೆ ಕೇಳಿಬರುವ ದೂರುಗಳಿವು. ಹೆಚ್ಚಿನ ಸಲ ತಪ್ಪು ಪ್ಯಾಕೆಟ್‌ನಲ್ಲಿ ಇರುವುದಿಲ್ಲ, ಕೆಲಸದ ಕ್ರಮದಲ್ಲಿ ಇರುತ್ತದೆ. ನೀರು, ಗಾಳಿ, ಸಾರಜನಕ ಹೊಂದಿಸಿದ ಮೇಲೆ ಮಾಡಬೇಕಾದದ್ದನ್ನು ಮೊದಲ ದಿನವೇ ಮಾಡಿ, ಉಳಿದದ್ದನ್ನು ದೇವರ ಮೇಲೆ ಬಿಟ್ಟುಬಿಡುತ್ತೇವೆ.

ಇಲ್ಲಿ ಎರಡು ಕೆಲಸಗಳನ್ನು ಜೋಡಿಸಿದ್ದೇನೆ. ಐದು ಜನರ ಮನೆಯ ಬಚ್ಚಲ ನೀರನ್ನು ತಿಳಿಗೊಳಿಸುವ ಖಡಿ (ಜಲ್ಲಿ ಕಲ್ಲಿನ) ಹಾಸು ಒಂದು, ಒಂದು ಟನ್ ಒಣ ದಂಟು–ಕಟ್ಟಿಗೆಯ ತಿಪ್ಪೆ ಇನ್ನೊಂದು. ಜೋಡಿಸಲು ಕಾರಣ ಸರಳ: ಒಂದು ಟನ್ ದಂಟು ನೆನೆಯಲು ಸಾವಿರ ಲೀಟರಿಗೂ ಹೆಚ್ಚು ನೀರು ಬೇಕು, ಬೇಸಿಗೆಯಲ್ಲಿ ಗದಗ, ರೋಣ, ಮುಂಡರಗಿ ಕಡೆ ತಿಪ್ಪೆಗೆಂದು ಅಷ್ಟು ನೀರು ಕೊಡುವವರು ಯಾರು? ಹಾಸು ಕೆಲಸ ಶುರುಮಾಡಲು ಒಂದು–ಒಂದೂವರೆ ತಿಂಗಳು ಹಿಡಿಯುತ್ತದೆ. ಆದ್ದರಿಂದ ಅದನ್ನು ನವೆಂಬರ್–ಡಿಸೆಂಬರಿನಲ್ಲಿ ಕಟ್ಟಿ, ತಿಪ್ಪೆಯನ್ನು ಜನವರಿ–ಫೆಬ್ರವರಿಯಲ್ಲಿ ಹಾಕಿ. ಗೋವಿನಜೋಳದ ದಂಟಿನ ಗೊಬ್ಬರ ಮುಂಗಾರಿಗೆ ಕೈಗೆ ಬರುತ್ತದೆ. ಹತ್ತಿ ಕಟ್ಟಿಗೆಯದ್ದನ್ನು ಹಿಂಗಾರಿಗೆ ಎಂದುಕೊಳ್ಳುವುದು ಒಳ್ಳೆಯದು.

## ಮೊದಲು ಕೂಡಿಸಿಟ್ಟುಕೊಳ್ಳಬೇಕಾದವು

ತಿಪ್ಪೆಗೆ: ಸಲಿಕೆ, ಮುಳ್ಳುಸಲಿಕೆ, ನಾಲ್ಕೈದು ಅಡಿಯ ಕಬ್ಬಿಣದ ಸರಳು, ಹಳೆಯ ತಾಡಪತ್ರಿ ಅಥವಾ ಗೋಣಿ ಚೀಲಗಳು, 200 ಲೀಟರಿನ ಡ್ರಮ್, ಸುಮಾರು 500 ಕಿಲೋ ಹಸಿ ಸಗಣಿ, 5ರಿಂದ 10 ಕಿಲೋ ಯೂರಿಯಾ. ಸಾವಯವ ಹಾದಿಯವರು ಯೂರಿಯಾ ಬದಲು ಕುರಿ ಹಿಕ್ಕೆ, ಸೆಣಬು ಅಥವಾ ಗ್ಲಿರಿಸಿಡಿಯಾ ಸೊಪ್ಪು ಬಳಸಬಹುದು. ಟ್ರೈಕೋಡರ್ಮಾ 1ರಿಂದ 2 ಕಿಲೋ ಸಾಕು, ಆದರೆ ಅದನ್ನು ಈಗಲೇ ತಂದು ಬಿಸಿಲಲ್ಲಿ ಇಡಬೇಡಿ. ಬೇಕಾದಾಗ ತನ್ನಿ, ತಯಾರಾದ ದಿನಾಂಕ ನೋಡಿ ತನ್ನಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ, ಸೈದಾಪುರ, ಹುಲಕೋಟಿ, ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ, ಇಲ್ಲವೇ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಮೊದಲು ವಿಚಾರಿಸಿ.

ಮುಖಕ್ಕೆ ಮಾಸ್ಕ್ ಬೇಕೇಬೇಕು. ತಿಪ್ಪೆ ತಿರುವುವಾಗ ಏಳುವ ಬೂಷ್ಟಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಅಸ್ತಮಾ ಇದ್ದವರು ಆ ಕೆಲಸಕ್ಕೆ ಇಳಿಯಲೇಬಾರದು.

## ಹಂತ 1: ಬಚ್ಚಲ ನೀರಿನ ಖಡಿ ಹಾಸು

ಸ್ನಾನ, ಕೈಕಾಲು, ಪಾತ್ರೆ ತೊಳೆದ ನೀರಿಗೆ ಮಾತ್ರ ಈ ಹಾಸು. ಶೌಚಾಲಯದ ಪೈಪನ್ನು ಇದಕ್ಕೆ ಕೂಡಿಸಬೇಡಿ. ಕೀಟನಾಶಕದ ಪಂಪ್ ತೊಳೆದ ನೀರೂ ಬೇಡ.

ಜೀವಾಣುಗಳ ಕೆಲಸಕ್ಕಿಂತ ಮೊದಲು ಕೈಯಿಂದ ಆಗುವ ಕೆಲಸವಿದೆ: ಅನ್ನದಗುಳು, ಕೂದಲು, ಎಣ್ಣೆ ಜಿಡ್ಡನ್ನು ತಡೆಯುವುದು. ಪೈಪಿನ ಬಾಯಿಗೆ ಜಾಲರಿ ಹಾಕಿ. ಅಡುಗೆಮನೆಯ ನೀರನ್ನು ಮುಚ್ಚಳವಿರುವ ಸಣ್ಣ ತೊಟ್ಟಿಯೊಂದಕ್ಕೆ ಬಿಡಿ. ಅದರ ಹೊರಪೈಪು ನೀರಿನ ಮಟ್ಟಕ್ಕಿಂತ ಕೆಳಗಿನಿಂದ ಹೊರಡಬೇಕು, ಆಗ ಜಿಡ್ಡು ಮೇಲೆ ತೇಲಿ ಅಲ್ಲೇ ನಿಲ್ಲುತ್ತದೆ. ಅಲ್ಲಿಂದ ನೀರು 200 ಲೀಟರಿನ ಡ್ರಮ್ಮಿಗೆ ಬಂದು ಗಸಿ ತಳಕ್ಕಿಳಿಯಲಿ. ಜೀವಾಣು ಪುಡಿ ಹಾಕಿಯೂ ಸೋತವರ ಮನೆಗಳಲ್ಲಿ ಬಹುಪಾಲು ಇದೇ ಇರುವುದಿಲ್ಲ. ಜಿಡ್ಡು ಖಡಿಯ ಸಂದಿಗೆ ಮೆತ್ತಿಕೊಂಡರೆ ಯಾವ ಜೀವಾಣುವೂ ಅದನ್ನು ನಿಮ್ಮ ಆತುರಕ್ಕೆ ತಕ್ಕಂತೆ ತಿಂದು ಮುಗಿಸುವುದಿಲ್ಲ.

ಹಾಸಿನ ಅಳತೆಗೆ ಒಬ್ಬರಿಗೆ 1ರಿಂದ 2 ಚದರ ಮೀಟರ್ ಹಿಡಿಯಿರಿ. ಐವರಿಗೆ 2 ಮೀಟರ್ ಅಗಲ, 4 ಮೀಟರ್ ಉದ್ದ, 2 ಅಡಿ ಆಳ ಸಾಕು. ತಳ ನೂರಕ್ಕೆ ಒಂದರಷ್ಟು ಇಳಿಜಾರಿರಲಿ, ಅಂದರೆ 4 ಮೀಟರಿಗೆ 4 ಸೆಂಟಿಮೀಟರ್. ದಿನಕ್ಕೆ 300–400 ಲೀಟರ್ ನೀರು ಬಂದರೆ ಅದು ಖಡಿಯ ಸಂದಿಯಲ್ಲಿ ನಾಲ್ಕೈದು ದಿನ ನಿಂತು ಮುಂದೆ ಹೋಗುತ್ತದೆ. ಸೋಪು, ಕೊಳೆಯನ್ನು ತಿನ್ನುವ ಬ್ಯಾಕ್ಟೀರಿಯಾ ಖಡಿಯ ಮೈಗೆ ತೆಳ್ಳಗೆ ಲೋಳೆಯಂತೆ ಅಂಟಿಕೊಂಡಿರುತ್ತವೆ. ನೀರು ನಿಧಾನ ಹೋದಷ್ಟೂ ಅವಕ್ಕೆ ಕೆಲಸಕ್ಕೆ ಸಮಯ.

ಎರೆ (ಕಪ್ಪು ಮಣ್ಣಿನ) ಭೂಮಿಯವರು ಇಲ್ಲಿ ಎಚ್ಚರವಾಗಿರಿ. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ನೇರವಾಗಿ ಮಾಡಿದ ತೆಳು ಸಿಮೆಂಟ್ ಗಿಲಾಯಿ ಒಂದೆರಡು ಬೇಸಿಗೆಯಲ್ಲಿ ಸೀಳುತ್ತದೆ. ತಳಕ್ಕೂ ಬದಿಗೂ ನಾಲ್ಕು ಇಂಚು ಮರಳು ಹಾಕಿ, ಅದರ ಮೇಲೆ ದಪ್ಪ ತಾಡಪತ್ರಿ ಹಾಸಿ, ಅಂಚನ್ನು ಮೇಲಕ್ಕೆ ತಂದು ಕಲ್ಲು ಹೇರಿ. ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ ಈ ರಗಳೆ ಕಡಿಮೆ, ಆದರೆ ತಾಡಪತ್ರಿ ಅಲ್ಲೂ ಬೇಕು.

ನೀರು ಒಳಬರುವ, ಹೊರಹೋಗುವ ತುದಿಗಳಲ್ಲಿ ಒಂದೊಂದು ಅಡಿ ಮುಷ್ಟಿಗಾತ್ರದ ಕಲ್ಲು, ನಡುವೆ 10–20 ಮಿಲಿಮೀಟರಿನ ಖಡಿ. ಖಡಿಯನ್ನು ತೊಳೆಯದೆ ಸುರಿಯಬೇಡಿ, ಕ್ರಷರ್ ಧೂಳು ತಳದಲ್ಲಿ ಕೂತು ಗಾರೆಯಾಗುತ್ತದೆ. ಹೊರಪೈಪಿಗೆ ತಿರುಗಿಸಬಹುದಾದ ಎಲ್ಬೋ ಹಾಕಿ ನೀರಿನ ಮಟ್ಟವನ್ನು ಖಡಿಯ ಮೇಲ್ಮೈಗಿಂತ ಎರಡು–ಮೂರು ಇಂಚು ಕೆಳಗೆ ನಿಲ್ಲಿಸಿ. ನೀರು ಕಣ್ಣಿಗೆ ಕಂಡರೆ ಸೊಳ್ಳೆ ಬಂತೆಂದೇ ಲೆಕ್ಕ. ಒಂದೊಂದು ಅಡಿಗೆ ಕಾಬಾಳೆ ಗಡ್ಡೆ ನೆಡಿ.

ಜೀವಾಣು ಕೊಳ್ಳುವುದು ಅಗತ್ಯವಿಲ್ಲ. ಚೆನ್ನಾಗಿ ನಡೆಯುತ್ತಿರುವ ಇಂಥದೇ ಹಾಸು ಯಾರ ಮನೆಯಲ್ಲಾದರೂ ಇದ್ದರೆ ಅಲ್ಲಿಂದ ಒಂದು ಬುಟ್ಟಿ ಲೋಳೆಗಟ್ಟಿದ ಖಡಿ ತಂದು ಒಳಬರುವ ತುದಿಯಲ್ಲಿ ಬೆರೆಸಿ. ಸಿಗದಿದ್ದರೆ ನಿಮ್ಮ ಬಚ್ಚಲ ನೀರಿನಲ್ಲಿರುವ ಬ್ಯಾಕ್ಟೀರಿಯಾಗಳೇ ನಾಲ್ಕರಿಂದ ಆರು ವಾರದಲ್ಲಿ ಮನೆ ಮಾಡಿಕೊಳ್ಳುತ್ತವೆ. ಅಲ್ಲಿಯವರೆಗೆ ಬಚ್ಚಲಿಗೆ ಆ್ಯಸಿಡ್, ಬ್ಲೀಚಿಂಗ್ ಪೌಡರ್, ಫಿನಾಯಿಲ್ ಸುರಿಯಬಾರದು. ಆಮೇಲೆಯೂ ಸುರಿಯಬಾರದು, ಆದರೆ ಮೊದಲ ತಿಂಗಳಲ್ಲಿ ಒಂದು ಬಕೆಟ್ ಬ್ಲೀಚ್ ಎಲ್ಲವನ್ನೂ ಮೊದಲಿಗೆ ತಂದು ನಿಲ್ಲಿಸುತ್ತದೆ.

ನೀರು ತಯಾರೇ ಎಂದು ತಿಳಿಯಲು ಒಂದು ಗಾಜಿನ ಬಾಟಲಿ ಸಾಕು. ಹೊರಪೈಪಿನ ನೀರನ್ನು ಬಾಯಿಮಟ್ಟ ತುಂಬಿ, ಬಿಗಿಯಾಗಿ ಮುಚ್ಚಿ, ನೆರಳಲ್ಲಿ ಮೂರು ದಿನ ಇಡಿ. ತೆರೆದಾಗ ಕೊಳೆತ ತತ್ತಿಯ ವಾಸನೆ ಬಂದರೆ ಅಥವಾ ನೀರು ಕಪ್ಪಾದರೆ ಕೊಳೆ ಇನ್ನೂ ಉಳಿದಿದೆ ಎಂದರ್ಥ. ಈ ಪರೀಕ್ಷೆ ಪಾಸಾದ ನೀರೂ ಕುಡಿಯುವುದಕ್ಕಲ್ಲ, ಹಸಿಯಾಗಿ ತಿನ್ನುವ ಮೆಂತ್ಯೆ–ಕೊತ್ತಂಬರಿಗೂ ಅಲ್ಲ. ತಿಪ್ಪೆಗೆ, ತೆಂಗಿಗೆ, ಕರಿಬೇವಿಗೆ ಬಳಸಿ. 24 ಗಂಟೆಗಿಂತ ಹೆಚ್ಚು ಕೂಡಿಡಬೇಡಿ.

ಬಟ್ಟೆ ಒಗೆದ ಡಿಟರ್ಜಂಟ್ ನೀರಿನ ಮಾತು ಬೇರೆ. ಅದರಲ್ಲಿರುವ ಸೋಡಿಯಂ ಅನ್ನು ಬ್ಯಾಕ್ಟೀರಿಯಾ ತಿನ್ನಲಾರವು. ಎರೆ ಮಣ್ಣಿಗೆ ಅದು ಸೇರುತ್ತ ಹೋದರೆ ನೆಲ ಗಟ್ಟಿಯಾಗಿ ನೀರು ಇಂಗುವುದು ನಿಲ್ಲುತ್ತದೆ. ಸಾಧ್ಯವಿದ್ದರೆ ವಾಷಿಂಗ್ ಮಷಿನ್ನಿನ ಪೈಪನ್ನು ಬೇರೆ ಮಾಡಿ.

ಬೆಟಗೇರಿ ಕಡೆಯ ನೇಕಾರ ಮನೆಗಳವರು ನೂಲಿನ ಬಣ್ಣದ ನೀರನ್ನೂ ಇದಕ್ಕೆ ಬಿಡಬಹುದೇ ಎಂದು ಕೇಳುವುದುಂಟು. ಬೇಡ. ಕಟ್ಟಿಗೆ ಕೊಳೆಸುವ ಬಿಳಿ ಕೊಳೆ ಶಿಲೀಂಧ್ರಗಳ ಲಕೇಸ್‌ನಂಥ ಕಿಣ್ವಗಳು ಬಣ್ಣ ಒಡೆಯುತ್ತವೆ ಎಂಬುದು ಪ್ರಯೋಗಾಲಯದಲ್ಲಿ ಕಂಡ ನಿಜ. ಆದರೆ ಬಣ್ಣ ಹೋದರೆ ವಿಷ ಹೋಯಿತೆಂದಲ್ಲ. ಅಜೋ ಎಂಬ ಕೃತಕ ಬಣ್ಣಗಳು ಗಾಳಿಯಿಲ್ಲದ ಕಡೆ ಒಡೆದಾಗ ಆರೊಮ್ಯಾಟಿಕ್ ಅಮೈನ್‌ಗಳು ಉಳಿಯುತ್ತವೆ, ಅವುಗಳಲ್ಲಿ ಕೆಲವು ಕ್ಯಾನ್ಸರ್‌ಕಾರಕ. ಬಣ್ಣದಲ್ಲಿ ಲೋಹಗಳಿದ್ದರೆ ಅವು ಎಲ್ಲಿಗೂ ಹೋಗುವುದಿಲ್ಲ, ಹಾಸಿನಲ್ಲೇ ಕೂಡುತ್ತವೆ. ಅಣಬೆ ಬೆಳೆದು ಬಿಟ್ಟ ಹುಲ್ಲಿನ ಚೀಲದಿಂದ ನೀರು ಸೋಸುವ ವಿಡಿಯೋಗಳನ್ನೂ ನಂಬಿ ಹೋಗಬೇಡಿ. ಮನೆಯ ಬಚ್ಚಲ ನೀರಿನ ಮಟ್ಟಿಗೆ ಆ ಹುಲ್ಲು ತಾನೇ ಕೊಳೆತು ನೀರಿಗೆ ಕಂದು ಬಣ್ಣ, ವಾಸನೆ ಕೊಡುವುದೇ ಹೆಚ್ಚು. ಆ ಚೀಲಗಳಿಗೆ ತಿಪ್ಪೆಯಲ್ಲಿ ಒಳ್ಳೆಯ ಕೆಲಸವಿದೆ, ಮುಂದೆ ಬರುತ್ತದೆ.

## ಹಂತ 2: ತಿಪ್ಪೆಗೆ ಯಾವುದು, ಯಾವುದು ಬೇಡ

ಗೋವಿನಜೋಳದ ದಂಟು, ರವದಿ, ಸೂರ್ಯಕಾಂತಿ ಕಡ್ಡಿ, ಮೆಣಸಿನ ಗಿಡ, ತೊಗರಿ ಮತ್ತು ಹತ್ತಿ ಕಟ್ಟಿಗೆ ಎಲ್ಲವೂ ಆಗುತ್ತವೆ. ಜೋಳದ ಕಣಕಿಯನ್ನು ಮಾತ್ರ ದನಕ್ಕೆ ಬಿಡಿ, ಅದನ್ನು ಕೊಳೆಸುವುದು ದಂಡ.

ಹತ್ತಿ ಕಟ್ಟಿಗೆಯನ್ನು ಬದುವಿನಲ್ಲಿ ಒಟ್ಟಿ ತಿಂಗಳುಗಟ್ಟಲೆ ಬಿಡಬೇಡಿ. ಬಿರಿಯದ ಕಾಯಿಗಳಲ್ಲಿ ಗುಲಾಬಿ ಕಾಯಿಕೊರಕದ ಹುಳು ಅಡಗಿ ಮುಂದಿನ ಹಂಗಾಮಿಗೆ ಕಾಯುತ್ತಿರುತ್ತದೆ. ಕೊನೆಯ ಬಿಡಿಸುವಿಕೆ ಮುಗಿದ ಕೂಡಲೇ ಕಿತ್ತು, ಕತ್ತರಿಸಿ, ಬಿಸಿ ತಿಪ್ಪೆಗೆ ಸೇರಿಸಿ. ಪಾರ್ಥೇನಿಯಂ ಹೂ ಬಿಡುವ ಮೊದಲಾದರೆ ಸರಿ, ಹೂ ಬಿಟ್ಟ ಮೇಲೆ ಬೇಡ.

ಗದಗ ಸೀಮೆಯವರಿಗೆ, ಹುಬ್ಬಳ್ಳಿಯ ಅಮರಗೋಳ ಎಪಿಎಂಸಿ ಸುತ್ತಲಿನವರಿಗೆ ಕೊಳೆತ ಉಳ್ಳಾಗಡ್ಡಿ ಬೇಕಾದಷ್ಟು ಸಿಗುತ್ತದೆ. ಅದನ್ನೊಂದನ್ನೇ ಒಟ್ಟಿದರೆ ರಾಡಿಯಾಗಿ ನಾರುತ್ತದೆ, ಏಕೆಂದರೆ ಅದರ ತೂಕದ ಬಹುಪಾಲು ನೀರೇ. ಒಣ ಕಟ್ಟಿಗೆಯ ಪದರಗಳ ನಡುವೆ ತೆಳ್ಳಗೆ ಹರಡಿದರೆ ಕಟ್ಟಿಗೆಗೆ ಬೇಕಾದ ತೇವವನ್ನು ಅದು ಕೊಡುತ್ತದೆ, ಅದಕ್ಕೆ ಬೇಕಾದ ಗಾಳಿಸಂದಿಯನ್ನು ಕಟ್ಟಿಗೆ ಕೊಡುತ್ತದೆ. ಈ ಜೋಡಿ ನಮ್ಮ ಭಾಗಕ್ಕೆ ಹೇಳಿ ಮಾಡಿಸಿದ್ದು. ಕೊಳೆರೋಗ ಬಂದ ಹೊಲದ ಗಡ್ಡೆಯಾದರೆ ತಿಪ್ಪೆಯ ನಡುಭಾಗಕ್ಕೆ ಹಾಕಿ, ಅಂಚಿಗೆ ಬೇಡ.

## ಹಂತ 3: ಕತ್ತರಿಸಿ ನೆನೆಸುವುದು

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಓದುವುದಾದರೆ ಇದನ್ನು ಓದಿ. ತಿಪ್ಪೆ ಕೆಡುವುದು ಬಹುತೇಕ ಇಲ್ಲಿ.

ಹತ್ತಿ ಕಟ್ಟಿಗೆಯ ಸಿಪ್ಪೆ, ತಿರುಳನ್ನು ಲಿಗ್ನಿನ್ ಎಂಬ ಗಟ್ಟಿ ವಸ್ತು ಬಿಗಿದಿರುತ್ತದೆ. ಇಡೀ ಕಟ್ಟಿಗೆಯೊಳಗೆ ನೀರಾಗಲಿ ಶಿಲೀಂಧ್ರದ ಎಳೆಯಾಗಲಿ ಬೇಗ ಹೋಗದು. ಎರಡು ಇಂಚಿಗಿಂತ ಸಣ್ಣ ತುಂಡು ಮಾಡಿ, ಸೀಳಿದ್ದರೆ ಇನ್ನೂ ಒಳ್ಳೆಯದು. ಶ್ರೆಡರ್ ಅನ್ನು ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರದಲ್ಲಿ ವಿಚಾರಿಸಿ. ಸಿಗದಿದ್ದರೆ ಕಣದಲ್ಲಿ ಹರಡಿ ಟ್ರ್ಯಾಕ್ಟರ್ ಹಾಯಿಸಿ. ಗೋವಿನಜೋಳದ ದಂಟಿಗೆ ಅದು ಸಾಕಾಗುತ್ತದೆ, ಹತ್ತಿಗೆ ಅರ್ಧಂಬರ್ಧ. ಮೆಣಸಿನ ಗಿಡ ಕತ್ತರಿಸುವಾಗ ಉಳಿದ ಒಣ ಕಾಯಿಗಳ ಘಾಟು ಏಳುತ್ತದೆ. ಗಾಳಿಗೆ ಬೆನ್ನು ಮಾಡಿ ನಿಲ್ಲಿ.

ಇನ್ನು ನೀರಿನ ಲೆಕ್ಕ. ಬೇಸಿಗೆಯ ಒಣ ದಂಟಿನಲ್ಲಿ ನೂರಕ್ಕೆ ಹತ್ತರಷ್ಟು ತೇವ ಇರುತ್ತದೆ. ಕೊಳೆಯಲು 50ರಿಂದ 60 ಬೇಕು. ಒಂದು ಟನ್ ದಂಟಿಗೆ 500 ಕಿಲೋ ಹಸಿ ಸಗಣಿ ಸೇರಿಸಿದರೂ ತೇವ 60ಕ್ಕೆ ಮುಟ್ಟಲು ಇನ್ನೂ ಸುಮಾರು 1000 ಲೀಟರ್ ನೀರು ಒಳಗೆ ಹೋಗಬೇಕು. ಹರಿದು ಹೋಗುವುದನ್ನು ಬಿಟ್ಟು. ನಮ್ಮವರು ಪದರಕ್ಕೆ ಎರಡು ಬಕೆಟ್ ಚಿಮುಕಿಸಿ ಮುಗಿಸುತ್ತಾರೆ. ಮೇಲೆ ಒದ್ದೆ ಕಾಣುತ್ತದೆ, ಒಳಗೆ ತುಂಡು ಮುರಿದರೆ ಟಕ್ ಎನ್ನುತ್ತದೆ.

ಆದ್ದರಿಂದ ತುಂಡುಗಳನ್ನು ಒಂದಡಿ ಎತ್ತರಕ್ಕೆ ಹರಡಿ, ದಿನಕ್ಕೆ ಎರಡು ಸಲದಂತೆ ಎರಡು–ಮೂರು ದಿನ ನೀರು ಹೊಡೆದು, ಗೋಣಿಯಿಂದ ಮುಚ್ಚಿಡಿ. ಕೆಳಗೆ ತಾಡಪತ್ರಿ ಇದ್ದರೆ ಹರಿದ ನೀರನ್ನು ಮತ್ತೆ ಎತ್ತಿ ಹಾಕಬಹುದು. ಪರೀಕ್ಷೆ: ಒಂದು ಹಿಡಿ ತೆಗೆದು ಜೋರಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಬರಬೇಕು. ಧಾರೆ ಇಳಿದರೆ ಹೆಚ್ಚಾಯಿತು. ಅಂಗೈ ಬರೀ ತೇವವಾದರೆ ಕಡಿಮೆ.

ನಲ್ಲಿ ನೀರು ಬಳಸುವ ಹುಬ್ಬಳ್ಳಿ–ಧಾರವಾಡದವರು ಜೀವಾಣು ಕಲಸುವ ನೀರನ್ನು ಮಾತ್ರ ಒಂದು ರಾತ್ರಿ ತೆರೆದ ಡ್ರಮ್ಮಿನಲ್ಲಿ ಬಿಡಿ, ಕ್ಲೋರಿನ್ ಹಾರಿಹೋಗಲಿ. ನೆನೆಸುವ ನೀರಿಗೆ ಅಷ್ಟು ನೇಮ ಬೇಡ.

## ಹಂತ 4: ತಿಪ್ಪೆ ಕಟ್ಟುವುದು

ಎತ್ತರದ ಜಾಗ, ಬೇವಿನ ನೆರಳು, ಬಾವಿ–ಬೋರ್‌ವೆಲ್ಲಿನಿಂದ ಕನಿಷ್ಠ 50 ಅಡಿ ದೂರ. ಎರೆ ಹೊಲದಲ್ಲಿ ಗುಂಡಿ ತೋಡಬೇಡಿ. ಮಳೆ ಬಂದರೆ ನೀರು ನಿಂತು, ಗಾಳಿ ಹೋಗಿ, ಒಳಗಿನದೆಲ್ಲ ಕಪ್ಪು ರಾಡಿಯಾಗುತ್ತದೆ.

ಅಗಲ 5 ಅಡಿ, ಎತ್ತರ 4 ಅಡಿ, ಉದ್ದ ಮಾಲು ಇದ್ದಷ್ಟು. ಮೂರಡಿಗಿಂತ ಸಣ್ಣ ತಿಪ್ಪೆ ಬಿಸಿ ಹಿಡಿದಿಡುವುದಿಲ್ಲ. ತೀರ ಎತ್ತರದ್ದು ತನ್ನ ಭಾರಕ್ಕೆ ತಾನೇ ಕುಸಿದು ಗಾಳಿ ಕಳೆದುಕೊಳ್ಳುತ್ತದೆ. ತಳಕ್ಕೆ ಕತ್ತರಿಸದ ಹತ್ತಿ ಕಟ್ಟಿಗೆಯನ್ನು ಅರ್ಧ ಅಡಿ ಹಾಸಿ, ಗಾಳಿ ಕೆಳಗಿನಿಂದ ಬರಲಿ. ಅದರ ಮೇಲೆ ನೆನೆದ ತುಂಡು ಒಂದಡಿ, ಸಗಣಿ ರಾಡಿ ಎರಡು ಇಂಚು, ಹಳೆಯ ತಿಪ್ಪೆಗೊಬ್ಬರ ಒಂದೆರಡು ಬುಟ್ಟಿ. ಹೀಗೇ ಮೇಲೆ ಹೋಗಿ.

ಯೂರಿಯಾ ಏಕೆಂದರೆ, ಗೋವಿನಜೋಳದ ದಂಟಿನಲ್ಲಿ ಒಂದು ಪಾಲು ಸಾರಜನಕಕ್ಕೆ 60ರ ಆಸುಪಾಸು ಇಂಗಾಲ ಇರುತ್ತದೆ. ಬ್ಯಾಕ್ಟೀರಿಯಾಗಳಿಗೆ 30ರ ಹತ್ತಿರ ಇದ್ದರೆ ಹಿತ. ಸಗಣಿ ಸ್ವಲ್ಪ ಇಳಿಸುತ್ತದೆ, ಉಳಿದದ್ದಕ್ಕೆ ಯೂರಿಯಾ ಅಥವಾ ಕುರಿ ಹಿಕ್ಕೆ. ಯೂರಿಯಾವನ್ನು ನೀರಲ್ಲಿ ಕರಗಿಸಿ ಎಲ್ಲ ಪದರಗಳಿಗೂ ಹಂಚಿ. ಮೇಲೊಂದೇ ಕಡೆ ಎರಚಿದರೆ ಅಮೋನಿಯಾ ಆಗಿ ಹಾರಿಹೋಗುತ್ತದೆ, ಕಣ್ಣು ಉರಿಯುವುದೊಂದೇ ಲಾಭ.

ವೇಸ್ಟ್ ಡಿಕಂಪೋಸರ್ ಇದ್ದವರು 200 ಲೀಟರ್ ನೀರಿಗೆ 2 ಕಿಲೋ ಬೆಲ್ಲದ ಜೊತೆ ಅದನ್ನು ಮೊದಲೇ ಹಾಕಿಟ್ಟು, ದಿನವೂ ಕಲಕಿ, ಒಂದು ವಾರದ ನಂತರ ಆ ದ್ರಾವಣವನ್ನು ಈಗ ಪದರಗಳಿಗೆ ಸುರಿಯಬಹುದು. ಇಲ್ಲದವರು ಬೇಸರಪಡಬೇಡಿ. ಈ ಹಂತಕ್ಕೆ ಸಗಣಿ, ಹಳೆಯ ಗೊಬ್ಬರದಲ್ಲಿರುವ ಬ್ಯಾಕ್ಟೀರಿಯಾ ಧಾರಾಳವಾಯಿತು. ಕೊನೆಗೆ ಗೋಣಿಯಿಂದ ಮುಚ್ಚಿ. ತಾಡಪತ್ರಿ ಹೊದಿಸುವುದಾದರೆ ಅಂಚು ಬಿಗಿಯಬೇಡಿ.

## ಹಂತ 5: ಬಿಸಿಯ ದಿನಗಳು

ಎರಡು–ಮೂರು ದಿನಕ್ಕೆ ಬಿಸಿ ಏರಬೇಕು. ಸರಳನ್ನು ನಡುವಿಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆದು ಹಿಡಿಯಿರಿ. ಹಿಡಿದುಕೊಳ್ಳಲಾಗದಷ್ಟು ಸುಟ್ಟರೆ 55 ಡಿಗ್ರಿ ಸೆಲ್ಸಿಯಸ್ ಆಸುಪಾಸು ಎಂದು ತಿಳಿಯಿರಿ. ಕಳೆಯ ಬೀಜ, ರೋಗಾಣು, ಕಾಯಿಕೊರಕದ ಹುಳುವಿಗೆ ಇದೇ ಮದ್ದು. ಆದರೆ ಬಿಸಿ ಇರುವುದು ಒಳಗೆ ಮಾತ್ರ, ಆದ್ದರಿಂದ 12–15 ದಿನಕ್ಕೊಮ್ಮೆ ತಿರುವಿ. ಹೊರಗಿನದು ಒಳಗೆ, ಒಳಗಿನದು ಹೊರಗೆ. ತಿರುವಿದಾಗಲೆಲ್ಲ ಹಿಂಡಿ ನೋಡಿ ನೀರು ಕೊಡಿ. ಮಾರ್ಚ್–ಏಪ್ರಿಲ್ ಗಾಳಿಗೆ ತಿಪ್ಪೆ ನೀವು ನೆನೆಸಿದ್ದಕ್ಕಿಂತ ಬೇಗ ಒಣಗುತ್ತದೆ.

ತಿಪ್ಪೆ ಕೊಡುವ ಸುಳಿವುಗಳನ್ನು ಗಮನಿಸಿ. ಬಿಸಿಯೇ ಏರದಿದ್ದರೆ ಮೊದಲು ನೀರನ್ನು ಅನುಮಾನಿಸಿ, ಆಮೇಲೆ ಸಾರಜನಕವನ್ನು, ಕೊನೆಗೆ ಗಾತ್ರವನ್ನು. ಕೊಳೆತ ತತ್ತಿಯ ವಾಸನೆ ಬಂದರೆ ಗಾಳಿ ಇಲ್ಲ. ಅಂದೇ ತಿರುವಿ, ಒಣ ತುಂಡು ಬೆರೆಸಿ. ಮೂಗಿಗೆ ಚುಚ್ಚುವ ಅಮೋನಿಯಾ ಬಂದರೆ ಸಾರಜನಕ ಹೆಚ್ಚಾಗಿದೆ, ರವದಿ ಸೇರಿಸಿ. ಒಳಗೆ ಬೂದಿ ಎರಚಿದಂತೆ ಬಿಳಿಚಿಕೊಂಡು ಪುಡಿಪುಡಿಯಾಗಿದ್ದರೆ ಅದನ್ನು ಒಳ್ಳೆಯ ಬೂಷ್ಟು ಎಂದು ಸಂತೋಷಪಡುವವರಿದ್ದಾರೆ. ಬಿಸಿಯಲ್ಲಿ ಒಣಗಿದ ಲಕ್ಷಣ ಅದು, ನೀರು ಬೇಕು. ಗೆದ್ದಲು ಕಂಡರೂ ಅದೇ ಅರ್ಥ.

## ಹಂತ 6: ಈಗ ಶಿಲೀಂಧ್ರ

ಟ್ರೈಕೋಡರ್ಮಾಕ್ಕೆ ಹಿತವಾದ ಶಾಖ 25–30 ಡಿಗ್ರಿ. ಮೊದಲ ದಿನವೇ ಹಾಕಿದರೆ ಮೂರನೆಯ ದಿನದ ಬಿಸಿಗೆ ಅದರಲ್ಲಿ ಹೆಚ್ಚಿನದು ಸಾಯುತ್ತದೆ. ಪ್ಯಾಕೆಟ್ ಕೆಲಸ ಮಾಡಲಿಲ್ಲ ಎಂಬ ದೂರಿನ ಮೂಲ ಇದೇ. ಬಿಸಿ ಇಳಿದು, ತಿರುವಿದರೂ ಮತ್ತೆ ಏರದೆ, ಸರಳು ಆರಾಮವಾಗಿ ಹಿಡಿಯುವಷ್ಟು ಬೆಚ್ಚಗಿದ್ದಾಗ ಹಾಕಿ. ಸಾಮಾನ್ಯವಾಗಿ ಅದು ಆರೇಳು ವಾರದ ಮೇಲೆ.

ಪುಡಿಯನ್ನು ಹಾಗೇ ಎರಚುವುದಕ್ಕಿಂತ ಬೆಳೆಸಿ ಹಾಕುವುದು ಲಾಭ. ತಿಪ್ಪೆ ತಣಿಯಲು ಎರಡು ವಾರ ಇರುವಾಗ 1 ಕಿಲೋ ಪುಡಿಯನ್ನು 100 ಕಿಲೋ ಕಳಿತ, ತೇವದ ಸಗಣಿ ಗೊಬ್ಬರಕ್ಕೆ ಬೆರೆಸಿ, ನೆರಳಲ್ಲಿ ಗೋಣಿ ಮುಚ್ಚಿಡಿ. ನಡುವೆ ಒಮ್ಮೆ ಕೈಯಾಡಿಸಿ. ಹಸಿರು ಬೂಷ್ಟು ಹಬ್ಬಿದರೆ ತಯಾರು. ಅದನ್ನು ತಿಪ್ಪೆಯ ಉದ್ದಕ್ಕೂ ಬೆರೆಸುತ್ತ ಕೊನೆಯ ಸಲ ತಿರುವಿ. ಕಾರ್ಬೆಂಡಾಜಿಮ್ ಹೊಡೆದ ಪಂಪಿನಲ್ಲಿ ಅಥವಾ ಡ್ರಮ್ಮಿನಲ್ಲಿ ಇದರ ದ್ರಾವಣ ಕಲಸಬೇಡಿ, ಆ ಮದ್ದು ಇರುವುದೇ ಶಿಲೀಂಧ್ರ ಕೊಲ್ಲಲು.

ಅಣಬೆ ಬೆಳೆದು ಬಿಟ್ಟ ಚೀಲಗಳ ಸರದಿಯೂ ಈ ಬಿಸಿ ಇಳಿದ ಮೇಲೆಯೇ. ಸಿಂಪಿ ಅಣಬೆ ಲಿಗ್ನಿನ್ ಒಡೆಯುವ ಬಿಳಿ ಕೊಳೆ ಶಿಲೀಂಧ್ರ, ಹತ್ತಿ ಕಟ್ಟಿಗೆಗೆ ಟ್ರೈಕೋಡರ್ಮಾಕ್ಕಿಂತ ಹೆಚ್ಚು ಹೊಂದುತ್ತದೆ. ಆದರೆ ಟ್ರೈಕೋಡರ್ಮಾ ಅಣಬೆಯ ವೈರಿ, ಅಣಬೆ ಬೆಳೆಗಾರರು ಹೆದರುವ ಹಸಿರು ಬೂಷ್ಟು ಅದೇ. ಎರಡನ್ನೂ ಒಟ್ಟಿಗೆ ಹಾಕಿದರೆ ಒಂದರ ದುಡ್ಡು ಹೋಯಿತು. ಹತ್ತಿಯೇ ಹೆಚ್ಚಿದ್ದರೆ ಚೀಲದ ಹುಲ್ಲನ್ನು ಮೊದಲು ಬೆರೆಸಿ, ಬಿಳಿ ಎಳೆಗಳಿಗೆ ಮೂರು–ನಾಲ್ಕು ವಾರ ಬಿಟ್ಟು, ಆಮೇಲೆ ಟ್ರೈಕೋಡರ್ಮಾ.

ಗೊಣ್ಣೆ ಹುಳು ಕಂಡರೆ ಆರಿಸಿ ತೆಗೆಯಿರಿ. ಗೊಣ್ಣೆಯ ಕಾಟ ಇರುವ ಹೊಲಕ್ಕೆ ಹೋಗುವ ಗೊಬ್ಬರವಾದರೆ ಹುಳು ಕೊಲ್ಲುವ ಮೆಟಾರೈಜಿಯಂ ಶಿಲೀಂಧ್ರವನ್ನು ಕೊನೆಯಲ್ಲಿ ಬೆರೆಸಬಹುದು. ಅದಕ್ಕೂ ಬಿಸಿ ಆಗದು.

## ಹಂತ 7: ಆಯಿತೇ ಎಂದು ನೋಡಿ, ಹೊಲಕ್ಕೆ ಹಾಕಿ

ಗೋವಿನಜೋಳಕ್ಕೆ ಒಟ್ಟು ಮೂರೂವರೆ–ನಾಲ್ಕು ತಿಂಗಳು, ಹತ್ತಿಗೆ ಐದರವರೆಗೆ. ರಾಶಿ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಕಣ್ಣಿಗೆ ಕಪ್ಪು ಕಂಡಿತೆಂದು ನಂಬಬೇಡಿ. ಒಂದು ಹಿಡಿ ತೇವದ ಗೊಬ್ಬರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಮೂರು ದಿನ ಇಟ್ಟು ತೆರೆಯಿರಿ. ಹುಳಿ ಅಥವಾ ಕೊಳೆತ ವಾಸನೆ ಬಂದರೆ ಇನ್ನೂ ಬೇಕು. ಜೊತೆಗೆ ಗೊಬ್ಬರ ಬೆರೆಸಿದ ಮಣ್ಣಿನಲ್ಲಿ 20, ಬರೀ ಮಣ್ಣಿನಲ್ಲಿ 20 ಹೆಸರುಕಾಳು ಬಿತ್ತಿ. ಗೊಬ್ಬರದ ಕಡೆ ಮೊಳಕೆ ಕಡಿಮೆ ಬಂದರೆ ಅಥವಾ ಎಲೆ ಹಳದಿಯಾದರೆ ಎರಡು–ಮೂರು ವಾರ ಬಿಡಿ. ಅರೆಬೆಂದ ಗೊಬ್ಬರ ಹೊಲಕ್ಕೆ ಹೋದರೆ ಉಳಿದ ಕೊಳೆಯುವಿಕೆಗೆ ಬೇಕಾದ ಸಾರಜನಕವನ್ನು ಬೆಳೆಯ ಬಾಯಿಂದಲೇ ಕಸಿಯುತ್ತದೆ.

ಜರಡಿಯಲ್ಲಿ ಉಳಿದ ಕಟ್ಟಿಗೆ ತುಂಡುಗಳನ್ನು ಬಿಸಾಡಬೇಡಿ, ಮುಂದಿನ ತಿಪ್ಪೆಯ ಪದರಗಳಿಗೆ ಹಳೆಯ ಗೊಬ್ಬರದ ಬದಲು ಅವನ್ನೇ ಬಳಸಿ. ತಯಾರಾದ ಗೊಬ್ಬರವನ್ನು ನೆರಳಲ್ಲಿ ತೇವವಾಗಿಡಿ, ಮಳೆಗೆ ಬಿಡಬೇಡಿ. ಬಿತ್ತನೆಯ ಮುಂಚೆ ಸಂಜೆ ಹೊತ್ತು ಹೊಲಕ್ಕೆ ಒಯ್ದು, ಹರಡಿದ ದಿನವೇ ಕುಂಟೆ ಹೊಡೆದು ಮಣ್ಣಿಗೆ ಸೇರಿಸಿ. ಬಿಸಿಲಿಗೆ ಬಿದ್ದ ಟ್ರೈಕೋಡರ್ಮಾ ಹೆಚ್ಚು ಹೊತ್ತು ಬಾಳುವುದಿಲ್ಲ.